ಕಾರಣ ನನಗೆ ಗೊತ್ತುಂಟು

ಇದನ್ನು ಬರೆಯಬೇಕೆಂದು ಮೂರು ಚಳಿಗಾಲಗಳಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಒಂದು ನೆಪ ಸಿಕ್ಕಿತು. ಒಮ್ಮೆ ಕಣ್ಣಿನ ಪೊರೆ ತೆಗೆಸಿದ್ದು, ಇನ್ನೊಮ್ಮೆ ರಜೆಗೆ ಊರಿಗೆ ಹೋಗಿ ಬಂದದ್ದು, ಮತ್ತೊಮ್ಮೆ ಬರೀ ಸೋಮಾರಿತನ. ನಾನು ಎಸ್ಸೆಸ್ಸೆಲ್ಸಿ ಓದಿದವನು, ನನಗೆಲ್ಲಿ ಬರೆಯಲು ಬರುತ್ತದೆ ಎಂದೂ ಹೇಳಿಕೊಂಡೆ. ಅದೂ ನೆಪವೇ. ವಾಟ್ಸಾಪಿನಲ್ಲಿ ಉದ್ದುದ್ದ ಮಾತಾಡಲು ಬರುತ್ತಿದ್ದವನಿಗೆ ಬರೆಯಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ?

ಒಮಾನಿಗೆ ಬಂದು ಮೂವತ್ತನಾಲ್ಕು ವರ್ಷವಾಯಿತು. ಕಟ್ಟಡ ಸಾಮಗ್ರಿ ಮಾರುವ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಹೆಂಡತಿ ಮಂಡಿನೋವಿನಿಂದ ಊರಿಗೆ ಹೋಗಿ ನಿಂತ ಮೇಲೆ ಸೀಬ್‌ನಲ್ಲಿ ಒಂದು ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಕೆಲಸ ಬಿಟ್ಟರೆ ನನಗಿದ್ದ ಜೀವನ ಕಬಡ್ಡಿ. ಆಡುವುದಲ್ಲ, ನೋಡುವುದು, ಮತ್ತು ನೋಡಿದ್ದರ ಬಗ್ಗೆ ಮಾತಾಡುವುದು. ನಮ್ಮ ಕರಾವಳಿಯವರದ್ದೊಂದು ತಂಡವಿದೆ. ಅಲ್ ಮಬೇಲಾದಲ್ಲಿ ವರ್ಕ್‌ಶಾಪುಗಳ ಹಿಂದೆ ಖಾಲಿ ಜಾಗವೊಂದಿದೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ಮ್ಯಾಟ್ ಹಾಸಿ ಅಭ್ಯಾಸ. ಚಳಿಗಾಲದಲ್ಲಿ ಒಂದು ಟೂರ್ನಿ. ನನ್ನ ಪ್ಲಾಸ್ಟಿಕ್ ಕುರ್ಚಿ ಯಾವಾಗಲೂ ಎಡಗಡೆಯ ಮೂಲೆಯಲ್ಲಿ. ಅದರಲ್ಲಿ ಬೇರೆಯವರು ಕುಳಿತರೆ ಯಾರಾದರೂ ಎಬ್ಬಿಸುತ್ತಿದ್ದರು, "ಏಳು ಮಾರಾಯ, ಅದು ಅಣ್ಣನ ಜಾಗ" ಎಂದು.

ಆ ಜಾಗ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಟೂರ್ನಿ ಹತ್ತಿರ ಬಂದಾಗ ಊರಿನಿಂದ ಇಬ್ಬರು ಮೂವರು ಒಳ್ಳೆಯ ರೈಡರ್‌ಗಳನ್ನು ವಿಸಿಟ್ ವೀಸಾದಲ್ಲಿ ಕರೆಸುವುದು ನಮ್ಮ ತಂಡದ ಪದ್ಧತಿ. ಯಾರನ್ನು ಕರೆಸಬೇಕೆಂದು ಆರಿಸುತ್ತಿದ್ದವನು ನಾನು. ತಿಂಗಳುಗಟ್ಟಲೆ ಊರಿನ ಪಂದ್ಯಗಳ ವಿಡಿಯೋ ನೋಡುತ್ತಿದ್ದೆ, ಫೋನು ಮಾಡುತ್ತಿದ್ದೆ. ಅವರು ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಹಾರ ಹಾಕುತ್ತಿದ್ದವನೂ ನಾನೇ. ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬರುತ್ತಿತ್ತು. ಆ ಒಂದು ವಾರ ನಾನು ಸ್ಟೋರ್‌ಕೀಪರ್ ಆಗಿರುತ್ತಿರಲಿಲ್ಲ.

ಆಮೇಲೆ ಹೊಸ ಕೋಚ್ ಬಂದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕಾಲೇಜು ದಿನಗಳಲ್ಲಿ ತಂಡದ ನಾಯಕರಾಗಿದ್ದವರು, ಇಲ್ಲಿ ಖುರುಮ್‌ನ ಆಫೀಸೊಂದರಲ್ಲಿ ಕೆಲಸ. ಮೊದಲ ಸಭೆಯಲ್ಲೇ ಅವರು ಹೇಳಿದರು, "ಈ ಸಲ ಊರಿನಿಂದ ಯಾರೂ ಬೇಡ. ಇಲ್ಲಿ ದುಡಿಯುವವರೇ ಆಡ್ಲಿ. ನನಗೆ ಎರಡು ಸೀಸನ್ ಕೊಡಿ. ಮೊದಲ ವರ್ಷ ಸೋಲ್ತೇವೆ, ಅದನ್ನು ಈಗಲೇ ಹೇಳ್ತೇನೆ."

ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ಕರೆಸಿದವರು ಆಡಿ ಹೋಗುತ್ತಿದ್ದರು, ವರ್ಷವಿಡೀ ಅಭ್ಯಾಸ ಮಾಡಿದ ನಮ್ಮವರು ಅವರಿಗೆ ನೀರು ಕೊಡುತ್ತಾ ನಿಲ್ಲುತ್ತಿದ್ದರು. ಇದು ನನಗೆ ತಿಳಿಯದ್ದಲ್ಲ. ಆದರೂ ಆ ದಿನ ಮನೆಗೆ ಹೋಗುವಾಗ ನನಗೆ ಅನ್ನಿಸಿದ್ದು ಒಂದೇ: ಇನ್ನು ನಾನು ಹಾರ ಹಾಕುವುದು ಯಾರಿಗೆ?

ಅಭ್ಯಾಸ ಮುಗಿದ ಮೇಲೆ ನಾವೆಲ್ಲ ರಸ್ತೆಯಾಚೆಯ ಕೆಫೆಟೇರಿಯಾದಲ್ಲಿ ಚಹಾ ಕುಡಿಯುತ್ತಿದ್ದೆವು. ಕಬಡ್ಡಿ ಅಂಗಳಕ್ಕಿಂತ ಹೆಚ್ಚು ಕಬಡ್ಡಿ ನಡೆಯುತ್ತಿದ್ದದ್ದು ಅಲ್ಲಿ. ಅಕೌಂಟೆಂಟ್ ಒಬ್ಬರಿದ್ದರು, ಅವರಿಗೆ ಕಪ್ ಬೇಕು, ಅದೂ ಈ ವರ್ಷವೇ. ಟೈಲರ್ ಒಬ್ಬರಿದ್ದರು, ಅವರು ಕೋಚ್‌ನ ಪಕ್ಷ.

"ಎರಡು ಸೀಸನ್ ಅಂದ್ರೆ ಎರಡು ವರ್ಷ ಮಾರಾಯ್ರೆ. ಅಷ್ಟರಲ್ಲಿ ನನ್ನ ವೀಸಾ ಇರ್ತದೋ ಇಲ್ವೋ" ಎಂದು ಅಕೌಂಟೆಂಟ್.

"ನಿಮ್ಮ ವೀಸಾಕ್ಕೂ ಕಪ್ಪಿಗೂ ಎಂತ ಸಂಬಂಧ? ಒಂದು ಪ್ಯಾಂಟ್ ಹೊಲೀಲಿಕ್ಕೆ ಕೊಟ್ರೆ ಮೂರು ದಿನ ಕಾಯ್ತೀರಲ್ಲ, ತಂಡ ಕಟ್ಲಿಕ್ಕೆ ಕಾಯುದಿಲ್ವಾ?"

"ನೀವು ಮೂರು ದಿನ ಅಂತ ಹೇಳಿ ಮೂರು ವಾರ ಮಾಡ್ತೀರಿ. ಕೋಚೂ ಹಾಗೇ ಮಾಡ್ತಾರೆ ನೋಡಿ."

ಎಲ್ಲರೂ ನಗುತ್ತಿದ್ದರು. ಕೊನೆಗೆ ಯಾರಾದರೊಬ್ಬರು ನನ್ನ ಕಡೆ ತಿರುಗುತ್ತಿದ್ದರು: "ಅಣ್ಣ, ನೀವೆಂತ ಹೇಳ್ತೀರಿ?" ನಾನು ಚಹಾ ಹೀರಿ, ಸ್ವಲ್ಪ ತಡೆದು, "ನೋಡುವ" ಎನ್ನುತ್ತಿದ್ದೆ. ಆ ಮೂರಕ್ಷರದ ಮಾತಿನಲ್ಲಿ ಎಷ್ಟು ವಿಷ ತುಂಬಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಕೋಚ್ ಮಾತ್ರ ನನ್ನನ್ನು ಹಿರಿಯನೆಂದೇ ನೋಡಿದರು. ಅವರ ಹೆಂಡತಿ ಶುಕ್ರವಾರ ಬೆಳಿಗ್ಗೆ ದೊಡ್ಡ ಫ್ಲಾಸ್ಕಿನಲ್ಲಿ ಶುಂಠಿ ಮಜ್ಜಿಗೆ ತಂದು ಆಟಗಾರರಿಗೆ ಕೊಡುತ್ತಿದ್ದರು. ನನ್ನ ಲೋಟಕ್ಕೆ ಬೇರೆ, ಉಪ್ಪಿಲ್ಲದ್ದು, ಬಿ.ಪಿ. ಇದೆ ಎಂದು ಒಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡು. "ನಿಮ್ಮದು ಇದು ಅಣ್ಣ, ಅದು ಬೇಡ" ಎಂದು ಕುರ್ಚಿಯ ಹತ್ತಿರ ತಂದಿಡುತ್ತಿದ್ದರು.

ಸೋಲುತ್ತೇವೆ ಎಂದಿದ್ದ ಆ ವರ್ಷ ನಾವು ಸೆಮಿಫೈನಲಿಗೆ ಬಂದೆವು. ಅದಕ್ಕೆ ಮುಖ್ಯ ಕಾರಣ ಒಬ್ಬ ರೈಡರ್. ಎ.ಸಿ. ಕೂರಿಸುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ, ಅಲ್ಲಿಯವರೆಗೆ ಬೆಂಚಿನಲ್ಲೇ ಇದ್ದವ. ಕೋಚ್ ಅವನನ್ನು ತಿದ್ದಿ ತೀಡಿ ನಮ್ಮ ದೊಡ್ಡ ಆಟಗಾರನನ್ನಾಗಿ ಮಾಡಿದ್ದರು.

ಸೆಮಿಫೈನಲಿಗೆ ಮೂರು ದಿನ ಮುಂಚೆ ಕೋಚ್ ನನ್ನನ್ನು ಮನೆಗೆ ಕರೆದರು. ಸಂಜೆ ಹೊತ್ತು. ಅವರ ಹೆಂಡತಿ ಗೋಳಿಬಜೆ ಕರಿದು ತಂದಿಟ್ಟರು. ಅವರು ಒಳಗೆ ಹೋಗುವ ಮೊದಲೇ ಕೋಚ್ ಮಾತು ತೆಗೆದರು.

"ಅಣ್ಣ, ಅವನ ಭುಜ ಕಳಚಿದೆ. ಮೊನ್ನೆ ಅಭ್ಯಾಸದಲ್ಲಿ. ಡಾಕ್ಟರ್ ಕೂರಿಸಿ ಕಟ್ಟಿದ್ದಾರೆ. ಈಗ ಆಡಿದ್ರೆ ಕೈಯೇ ಹೋಗ್ತದೆ."

"ಹಾಗಾದ್ರೆ ಎಲ್ಲರಿಗೂ ಹೇಳಿಬಿಡಿ."

"ಹೇಳ್ಲಿಕ್ಕೆ ಆಗುದಿಲ್ಲ. ಅವನ ಫೋರ್‌ಮನ್ ಮ್ಯಾಚಿಗೆ ಬರ್ತಾನೆ, ಗ್ರೂಪಿನಲ್ಲೂ ಇದ್ದಾನೆ. ಆಟ ಆಡಿ ಭುಜ ಮುರ್ಕೊಂಡ ಅಂತ ಕಂಪನಿಗೆ ಗೊತ್ತಾದ್ರೆ ವೀಸಾ ಖಲಾಸ್. ಏಣಿ ಹತ್ತುವ ಕೆಲಸ ಅಲ್ವಾ. ಸದ್ಯಕ್ಕೆ ಜೊತೆಯವರು ಅವನಿಗೆ ಕೆಳಗಿನ ಕೆಲಸ ಕೊಟ್ಟು ಸುಧಾರಿಸ್ತಿದ್ದಾರೆ. ಒಂದು ತಿಂಗಳು ಕಳೆದ್ರೆ ಸಾಕು."

ನಾನು ತಲೆಯಾಡಿಸಿದೆ.

"ನಾನು ಅವನನ್ನು ಹೊರಗೆ ಕೂರಿಸ್ತೇನೆ. ಜನ ಬೈತಾರೆ. ನೀವೊಬ್ಬರು ಕೋಚ್ ಮೇಲೆ ನಂಬಿಕೆ ಇಡಿ ಅಂತ ಹೇಳಿದ್ರೆ ಸಾಕು ಅಣ್ಣ. ಕಾರಣ ಹೇಳುದು ಬೇಡ. ನಿಮ್ಮ ಮಾತು ಕೇಳ್ತಾರೆ."

"ಅದು ನನಗೆ ಬಿಡಿ" ಎಂದೆ. ಅವರ ಹೆಂಡತಿ ಇನ್ನೂ ಅಲ್ಲೇ ನಿಂತಿದ್ದರು. "ಅಣ್ಣ ಇದ್ದಾರಲ್ಲ, ಇನ್ನು ನಿದ್ದೆ ಮಾಡಿ" ಎಂದು ಗಂಡನಿಗೆ ಹೇಳಿ ನಕ್ಕರು. ನಾನು ಇನ್ನೆರಡು ಗೋಳಿಬಜೆ ತಿಂದು ಬಂದೆ.

ಸೆಮಿಫೈನಲಿನಲ್ಲಿ ಮೂರು ಪಾಯಿಂಟಿನಿಂದ ಸೋತೆವು. ಆ ರೈಡರ್ ಟ್ರ್ಯಾಕ್‌ಸೂಟಿನ ಜಿಪ್ಪು ಕುತ್ತಿಗೆಯವರೆಗೆ ಎಳೆದುಕೊಂಡು ಬೆಂಚಿನಲ್ಲಿ ಕುಳಿತಿದ್ದ. ಕೊನೆಯ ಐದು ನಿಮಿಷ ನಮ್ಮವರು ಅವನ ಹೆಸರು ಕೂಗಿದರು. ಕೋಚ್ ತಿರುಗಿ ನೋಡಲಿಲ್ಲ. ಪಂದ್ಯ ಮುಗಿಯುತ್ತಿದ್ದಂತೆ ನೀರಿನ ಬಾಟಲಿಗಳು ಮ್ಯಾಟಿನ ಮೇಲೆ ಬಿದ್ದವು.

ಸೂರ್ಯ ಇಳಿಯುವ ಹೊತ್ತಿಗೆ ಕೆಫೆಟೇರಿಯಾದಲ್ಲಿ ಕುರ್ಚಿ ಸಾಲಲಿಲ್ಲ.

"ಸುಮ್ಮನೆ ಕೂರಿಸಿದ್ದಲ್ವಾ ಅವನನ್ನು! ಯಾಕೆ? ಯಾರಾದ್ರೂ ಹೇಳಿ" ಎಂದು ಅಕೌಂಟೆಂಟ್ ಮೇಜು ಬಡಿದರು.

"ಏನೋ ಕಾರಣ ಇರ್ತದೆ ಮಾರಾಯ್ರೆ. ತಲೆ ಇಲ್ಲದ ಮನುಷ್ಯ ಅಲ್ಲ ಅವರು" ಎಂದರು ಟೈಲರ್. ಅವರ ದನಿ ಸೋತಿತ್ತು. "ಅಣ್ಣ, ನಿಮ್ಮ ಹತ್ತಿರ ಏನಾದ್ರೂ ಹೇಳಿದ್ದಾರಾ?"

ಎಲ್ಲರೂ ನನ್ನತ್ತ ನೋಡಿದರು. ಎಷ್ಟೋ ತಿಂಗಳ ನಂತರ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದ್ದವು. ಕೋಚ್ ಮೇಲೆ ನಂಬಿಕೆ ಇಡಿ ಎಂಬ ನಾಲ್ಕು ಪದ ನನ್ನ ಬಾಯಲ್ಲೇ ಇತ್ತು. ಅದನ್ನು ಹೇಳಿದರೆ ಎಲ್ಲರೂ ಚಹಾ ಮುಗಿಸಿ ಎದ್ದು ಹೋಗುತ್ತಿದ್ದರು. ನಾನು ಮೊಬೈಲ್ ತೆಗೆದು, ಎಲ್ಲರಿಗೂ ಕೇಳುವಂತೆ, ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ.

ಅದರ ಒಂದೊಂದು ಶಬ್ದವೂ ನನಗೆ ನೆನಪಿದೆ. "ಅವನನ್ನು ಯಾಕೆ ಆಡಿಸ್ಲಿಲ್ಲ ಅಂತ ಎಲ್ಲರೂ ಕೇಳ್ತಿದ್ದೀರಿ. ಕಾರಣ ನನಗೆ ಗೊತ್ತುಂಟು. ಕೋಚ್ ಸ್ವತಃ ನನ್ನ ಹತ್ತಿರ ಹೇಳಿದ್ದಾರೆ. ಆದ್ರೆ ಅದು ಹತ್ತು ಜನರ ಎದುರು ಹೇಳುವಂಥದ್ದಲ್ಲ. ಹೇಳಿದ್ರೆ ಒಬ್ಬರ ಅನ್ನಕ್ಕೇ ಕಲ್ಲು ಬೀಳ್ತದೆ. ಇಷ್ಟೇ ಹೇಳ್ತೇನೆ, ಊರಿನಿಂದ ಹುಡುಗರನ್ನು ಕರೆಸಿದ್ದಿದ್ರೆ ಇವತ್ತು ಈ ಅವಸ್ಥೆ ಬರ್ತಿರ್ಲಿಲ್ಲ."

ಅದರಲ್ಲಿ ಒಂದೂ ಸುಳ್ಳಿಲ್ಲ. ಎಷ್ಟೋ ದಿನ ಅದನ್ನೇ ಹಿಡಿದುಕೊಂಡು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಆದರೆ ಜನ ಅರ್ಥ ಮಾಡಿಕೊಂಡದ್ದು ಬೇರೆ. ನಾನು ಬಯಸಿದ್ದೂ ಅವರು ಬೇರೆ ಅರ್ಥ ಮಾಡಿಕೊಳ್ಳಲಿ ಎಂದೇ. ಮರುದಿನ ಮಧ್ಯಾಹ್ನದೊಳಗೆ ಕೋಚ್ ಎದುರು ತಂಡದವರ ಜೊತೆ ಒಳಗೊಳಗೇ ಏನೋ ಮಾಡಿಕೊಂಡಿದ್ದಾರೆ, ಅದು ಹೊರಬಂದರೆ ಅವರ ಕೆಲಸ ಹೋಗುತ್ತದೆ ಎಂಬ ಮಾತು ಸೀಬ್‌ನಿಂದ ಖುರುಮ್‌ವರೆಗೆ ಹಬ್ಬಿತ್ತು. ಯಾರೋ ನನಗೇ ಫೋನು ಮಾಡಿ, "ಹೌದಾ ಅಣ್ಣ?" ಎಂದು ಕೇಳಿದರು. "ನನ್ನನ್ನು ಕೇಳ್ಬೇಡಿ" ಎಂದೆ. ಅಲ್ಲಿಗೆ ಅದು ಖಾತ್ರಿಯಾಯಿತು.

ಕೋಚ್‌ಗೆ ತಪ್ಪಿಸಿಕೊಳ್ಳಲು ದಾರಿ ಇತ್ತು. ಭುಜದ ವಿಷಯ ಹೇಳಿದರೆ ಸಾಕಾಗಿತ್ತು. ಅವರು ಹೇಳಲಿಲ್ಲ. ಮುಂದಿನ ಶುಕ್ರವಾರ ಅಂಗಳಕ್ಕೆ ಬಂದು, ಮ್ಯಾಟ್ ಇಡುವ ಶೆಡ್ಡಿನ ಬೀಗದ ಕೈಯನ್ನು ಟೈಲರ್ ಕೈಗೆ ಕೊಟ್ಟು, ಆಟಗಾರರ ಬೆನ್ನು ತಟ್ಟಿ ಹೊರಟರು. ನನ್ನ ಕುರ್ಚಿಯ ಮುಂದೆಯೇ ಹಾದುಹೋಗಬೇಕಿತ್ತು. ನಾನು ಬಗ್ಗಿ ಚಪ್ಪಲಿಯ ಬಾರು ಸರಿಮಾಡುತ್ತಿದ್ದೆ.

ಮುಂದಿನ ವರ್ಷ ಊರಿನಿಂದ ಮೂವರನ್ನು ಕರೆಸಿದೆವು. ಹಾರ ಹಾಕಿದೆ, ಫೋಟೋ ಬಂತು. ಕಪ್ಪೂ ಬಂತು. ಫೈನಲಿನಲ್ಲಿ ಹೆಚ್ಚು ಪಾಯಿಂಟ್ ತಂದವನು ಮಾತ್ರ ಆ ಎ.ಸಿ. ಕಂಪನಿಯವ. ಅವನ ಭುಜ ಪೂರ್ತಿ ಕೂಡಿತ್ತು. ಆ ಬೇಸಿಗೆಯಲ್ಲಿ ಅವನಿಗೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಇನ್ನು ಹೆದರಬೇಕಾದ್ದಿಲ್ಲ ಎಂದು ಅದೇ ಕೆಫೆಟೇರಿಯಾದಲ್ಲಿ ಎಲ್ಲರ ಎದುರು ಎಲ್ಲವನ್ನೂ ಹೇಳಿದ. ಹೇಳುವಾಗ ಅತ್ತ. "ಬೈಗುಳ ಎಲ್ಲ ಅವರು ತಿಂದ್ರು, ನನ್ನ ಹೆಸರು ಬಾಯಿಬಿಡ್ಲಿಲ್ಲ. ನಾನೇ ಹೇಳ್ತೇನೆ ಅಂದದ್ದಕ್ಕೆ, ಮನೆಗೆ ದುಡ್ಡು ಕಳಿಸುದು ಯಾರು, ಸುಮ್ನಿರು ಅಂದ್ರು."

ಯಾರೋ ಅವನ ಮುಂದೆ ನೀರಿನ ಲೋಟ ಸರಿಸಿದರು. ಆಮೇಲೆ ಅಕೌಂಟೆಂಟ್, "ಛೇ, ಯಾರಿಗೆ ಗೊತ್ತಿತ್ತು ಮಾರಾಯ್ರೆ" ಎಂದರು.

"ಹೌದು" ಎಂದೆ ನಾನು. "ಯಾರಿಗೆ ಗೊತ್ತಿತ್ತು."

ಟೈಲರ್ ನನ್ನನ್ನು ಒಮ್ಮೆ ನೋಡಿದರು. ಆ ವಾಯ್ಸ್ ಮೆಸೇಜ್ ಅವರಿಗೆ ನೆನಪಿತ್ತೆಂದು ಕಾಣುತ್ತದೆ. ಚಹಾದ ಲೋಟ ಅರ್ಧಕ್ಕೇ ಬಿಟ್ಟು ಎದ್ದರು. ಅಂದಿನಿಂದ ನನ್ನ ಪ್ಯಾಂಟುಗಳನ್ನು ಬೇರೆ ಕಡೆ ಹೊಲಿಸುತ್ತಿದ್ದೇನೆ.

ಅಷ್ಟರಲ್ಲಿ ಕೋಚ್ ದೂರದ ಸೋಹಾರ್‌ಗೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಒಂದು ವಾರ ತಡೆದು ಫೋನು ಮಾಡಿದೆ. ತಪ್ಪಾಯಿತು ಎಂದೆ. ಹೊಟ್ಟೆಕಿಚ್ಚಿನಿಂದ ಮಾಡಿದೆ ಎಂದೂ ಹೇಳಿದೆ, ಅಷ್ಟನ್ನು ಹೇಳಲು ಬೆವರಿಹೋದೆ. ಅವರು ಕೇಳಿಸಿಕೊಂಡು, "ಬಿಡಿ ಅಣ್ಣ, ಖಲಾಸ್. ಅವನ ಕೈ ಉಳೀತಲ್ಲ" ಎಂದರು. ಆಮೇಲೆ, "ಬಿ.ಪಿ. ಹೇಗುಂಟು?" ಎಂದು ಕೇಳಿದರು. ಫೋನು ಇಟ್ಟಾಗ ಭಾರ ಇಳಿಯಿತೆಂದುಕೊಂಡೆ. ಇಳಿದಿರಲಿಲ್ಲ.

ಏಕೆಂದರೆ ಅವರ ಕ್ಷಮೆ ಸಿಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಸಿಗುತ್ತದೆಂದು ಗೊತ್ತಿದ್ದ ಕಡೆಯೇ ಕೇಳಿದೆ.

ಅವರು ಸೋಹಾರ್‌ಗೆ ಹೋಗುವ ಮೊದಲು, ಗಲಾಟೆಯಾಗಿ ಎರಡು ತಿಂಗಳಿಗೆ, ನಮ್ಮವರ ಯುಗಾದಿ ಊಟವಿತ್ತು. ಕೋಚ್ ಬಂದಿರಲಿಲ್ಲ, ಅವರ ಹೆಂಡತಿ ಒಬ್ಬರೇ ಬಂದಿದ್ದರು. ಯಾಕೆ ಬಂದರೋ, ಅಷ್ಟು ಧೈರ್ಯ ನನಗಂತೂ ಇರುತ್ತಿರಲಿಲ್ಲ. ಅವರು ಪಂಕ್ತಿಯಲ್ಲಿ ಕುಳಿತರು. ಎರಡೂ ಪಕ್ಕದ ಎಲೆಗಳ ಮುಂದೆ ಯಾರೂ ಕೂರಲಿಲ್ಲ. ಕೆಲವರು ಬಂದು, ನೋಡಿ, ಆಚೆ ಪಂಕ್ತಿಗೆ ಹೋದರು. ಅವರು ಎದ್ದು ಹೋಗದೆ ತಲೆ ತಗ್ಗಿಸಿ ಊಟ ಮಾಡಿದರು. ನಾನು ಪಾಯಸದ ಬಕೆಟ್ ಹಿಡಿದು ಬಡಿಸುತ್ತಿದ್ದೆ. ಅವರ ಎಲೆಯ ಹತ್ತಿರ ಬಂದಾಗ ಅವರು ಮುಖ ಎತ್ತಿ ನನ್ನನ್ನು ನೋಡಿದರು. ಆ ಸಂಜೆ ಗೋಳಿಬಜೆಯ ತಟ್ಟೆ ಇಟ್ಟು ಎಲ್ಲವನ್ನೂ ಕೇಳಿಸಿಕೊಂಡಿದ್ದವರು ಆ ಪಂಕ್ತಿಯಲ್ಲಿ ಅವರೊಬ್ಬರೇ. ನಿಜವಾದ ಕಾರಣ ನನಗೆ ಗೊತ್ತಿತ್ತು, ಆದರೂ ಮಾತು ತಪ್ಪಿದೆ ಎಂಬುದು ಗೊತ್ತಿದ್ದವರು. ಅಷ್ಟು ಜನರ ಮಧ್ಯೆ ಒಂದು ಮಾತು ಎತ್ತಿದ್ದರೆ ನನ್ನ ಕೈಯಿಂದ ಬಕೆಟ್ ಬೀಳುತ್ತಿತ್ತು. ಅವರು ಅಂಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು, "ಸಾಕು ಅಣ್ಣ" ಎಂದರು.

ನಾನು ಮುಂದಿನ ಎಲೆಗೆ ಹೋದೆ.

ಕೋಚ್‌ಗೆ ಫೋನು ಮಾಡಿದ ದಿನ, ಮನೆಯವರಿಗೆ ಕೊಡಿ, ಎರಡು ಮಾತಾಡಬೇಕು ಎನ್ನಬಹುದಿತ್ತು. ಹಿಂದಿನಿಂದ ಪಾತ್ರೆಯ ಸದ್ದೂ ಕೇಳುತ್ತಿತ್ತು. ಅನ್ನಲಿಲ್ಲ. ಈಗ ಶುಕ್ರವಾರ ಅಂಗಳಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ, ನನ್ನ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಗೊತ್ತಿಲ್ಲ. ನನ್ನಿಂದ ಕೆಟ್ಟದ್ದನ್ನು ಅನುಭವಿಸಿ, ನನ್ನ ಬಾಯಿಂದ ತಪ್ಪಾಯಿತೆಂಬ ಮಾತನ್ನು ಇವತ್ತಿನವರೆಗೂ ಕೇಳದೇ ಇರುವವರು ಯಾರೆಂದು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು: ನನಗೆಂದು ಉಪ್ಪು ಹಾಕದ ಮಜ್ಜಿಗೆಯನ್ನು ಬೇರೆ ಲೋಟದಲ್ಲಿ ತರುತ್ತಿದ್ದ, ಕೋಚ್‌ನ ಹೆಂಡತಿ.