ಮಗ್ಗವಿಲ್ಲದ ಮನೆಯಲ್ಲಿ ತಮ್ಮ ಅತ್ತ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಇಂಗ್ಲಿಷ್ ನಿಘಂಟು ಇರಲಿಲ್ಲ, ಮಗ್ಗ ಇತ್ತು. ಅದಕ್ಕೇ ಇರಬೇಕು, ನಿನ್ನೆ ಸಂಜೆ ಮೊಮ್ಮಗಳು ಶಾಲೆಯ ಪುಸ್ತಕ ಹಿಡಿದು ಬಂದು 'ಇವೋಕೇಟಿವ್' ಅಂದರೆ ಏನು ಎಂದು ಕೇಳಿದಾಗ ನನಗೆ ಮೊದಲು ಹೊಳೆದದ್ದು ಮಗ್ಗವೇ. ಅವಳು ಅಷ್ಟರಲ್ಲಿ ಫೋನಿನಲ್ಲಿ ಅರ್ಥ ನೋಡಿಕೊಂಡಿದ್ದಳು. ಹಳೆಯ ನೆನಪನ್ನು ಮನಸ್ಸಿಗೆ ಕರೆದು ತರುವಂಥದ್ದು ಎಂದಿತ್ತು. ಉದಾಹರಣೆಗೆ, ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ. ನನಗೆ ರೇಗಿತು. ಯಾರನ್ನು ಕೇಳಿದರೂ ಅದೇ ಮಣ್ಣಿನ ವಾಸನೆ! ನೆನಪು ಬರಲು ಮಳೆಯೇ ಬರಬೇಕೆಂದರೆ ನಾವಿರುವ ಈ ರೋಣದವರು ವರ್ಷದ ಮುಕ್ಕಾಲು ಪಾಲು ಎಲ್ಲವನ್ನೂ ಮರೆತು ಕೂರಬೇಕಾಗುತ್ತದೆ.

"ಅಜ್ಜಾ, ಈ ಶಬ್ದ ಹಾಕಿ ಒಂದ್ ವಾಕ್ಯ ಬರೀಬೇಕು" ಎಂದಳು. ಒಂದು ವಾಕ್ಯದಲ್ಲಿ ಹೇಳುವುದು ನನ್ನಿಂದಾಗದ ಕೆಲಸ. ಒಂದು ದಿನದ ಕಥೆ ಹೇಳುತ್ತೇನೆ, ಬೇಕಾದರೆ ಕೇಳು ಎಂದೆ. ಅವಳ ತಮ್ಮನೂ ಬಂದು ಪಕ್ಕದಲ್ಲಿ ಕೂತ. ನಾನು ಒಂದೆಡೆ ಕೂತು ಹೇಳುವವನಲ್ಲ, ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಹೇಳಿದೆ.

ಆಗ ನಾವು ಗಜೇಂದ್ರಗಡದಲ್ಲಿದ್ದೆವು. ಅಪ್ಪ ನೇಕಾರ. ಮನೆಯ ನಡುವೆ ನೆಲದಲ್ಲಿ ಕುಣಿ ತೋಡಿ ಅದರ ಮೇಲೆ ಮಗ್ಗ ಹೂಡಿದ್ದರು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯುತ್ತಿದ್ದರೆ ಲಾಳಿ ಈ ಬದಿಯಿಂದ ಆ ಬದಿಗೆ ಓಡುತ್ತಿತ್ತು. ಖಟ್, ಧಡ್. ಖಟ್, ಧಡ್. ಬೆಳಕು ಹರಿಯುವ ಮೊದಲೇ ಶುರುವಾದರೆ ದೀಪ ಹಚ್ಚಿದ ಮೇಲೂ ಅದೇ ಸದ್ದು. ಮನೆತುಂಬ ಗಂಜಿ ಹಾಕಿದ ನೂಲಿನ ಹುಳಿ ವಾಸನೆ. ಮಗ್ಗದ ಪಕ್ಕದಲ್ಲೇ ತೊಲೆಗೆ ನನ್ನ ತಮ್ಮನ ತೊಟ್ಟಿಲು ಕಟ್ಟಿತ್ತು. ಅವನಿನ್ನೂ ಮೊಲೆ ಕುಡಿಯುವ ಕೂಸು. ಅವ್ವ ತೊಟ್ಟಿಲಿನ ಬಳಿ ಕೂತು ನೂಲು ಸುತ್ತುತ್ತಾ, "ಒಂದ್ ದಿನರ ಈ ಮನಿ ಸುಮ್ನ ಇರತೈತೇನ? ಕೂಸಿನ ಕಿವಿ ಕಿವುಡ ಆದಾವು" ಎಂದು ದಿನವೂ ಗೊಣಗುತ್ತಿದ್ದಳು.

ಆ ವರ್ಷ ಅಪ್ಪನ ಕಣ್ಣು ಮಂಜಾಯಿತು. ಎಳೆ ಕಡಿದರೆ ಕಾಣುತ್ತಿರಲಿಲ್ಲ, ಕಂಡರೂ ಗಂಟು ಹಾಕಲು ಅಕ್ಕನನ್ನು ಕರೆಯಬೇಕಾಗುತ್ತಿತ್ತು. ಕೊನೆಗೆ ಮಗ್ಗವನ್ನು ನಮ್ಮ ಚಿಕ್ಕಪ್ಪನಿಗೆ ಒಪ್ಪಿಸಿ, ನರಗುಂದದ ಹತ್ತಿ ಅಂಗಡಿಯೊಂದರಲ್ಲಿ ಕೆಲಸ ಹಿಡಿದ. ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತಿದೆವು. ಆಗಿನ ಬಸ್ಸೆಂದರೆ ಕಿಟಕಿ, ಬಾಗಿಲು, ಸೀಟು ಎಲ್ಲವೂ ಗಡಗಡ ಎನ್ನುತ್ತಿದ್ದವು. ಆ ಗದ್ದಲದಲ್ಲೂ ತಮ್ಮ ಹಾಯಾಗಿ ಮಲಗಿದ್ದ. ರೋಣದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಎದ್ದು ಅತ್ತ, ಹೊರಟಾಗ ಮತ್ತೆ ಮಲಗಿದ. ಇದರ ಅರ್ಥ ನಮಗೆ ಯಾರಿಗೂ ಆಗಲಿಲ್ಲ.

ನರಗುಂದದ ಮನೆ ಗುಡ್ಡದ ಬುಡದ ಒಂದು ಓಣಿಯಲ್ಲಿತ್ತು. ಸಣ್ಣದಾದರೂ ತಂಪಾದ ಮನೆ. ಅವ್ವ ಒಳಗೆ ಕಾಲಿಟ್ಟವಳೇ, "ಎಷ್ಟ ಶಾಂತ ಐತಿ ನೋಡ್ರಿ" ಎಂದು ಸಂತೋಷಪಟ್ಟಳು. ಆ ಸಂತೋಷ ರಾತ್ರಿಯವರೆಗೂ ಉಳಿಯಲಿಲ್ಲ. ತಮ್ಮ ಅಳಲು ಶುರು ಮಾಡಿದ. ಬೆಳಗಾದರೂ ನಿಲ್ಲಿಸಲಿಲ್ಲ. ಮೊಲೆಗೆ ಹಚ್ಚಿದರೆ ಮುಖ ತಿರುಗಿಸುತ್ತಿದ್ದ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚುತ್ತಿದ್ದ.

ಆ ದಿನ ನಮ್ಮಲ್ಲಿ ಒಬ್ಬರೂ ನಿಂತಲ್ಲಿ ನಿಲ್ಲಲಿಲ್ಲ. ಅವ್ವ ಹೆಗಲ ಮೇಲೆ ಹಾಕಿಕೊಂಡು ಹಿತ್ತಲಿಗೂ ಅಂಗಳಕ್ಕೂ ತಿರುಗಿದಳು. ಅವಳ ಕೈ ಸೋತರೆ ಅಕ್ಕ, ಅಕ್ಕನ ಕೈ ಸೋತರೆ ಅಪ್ಪ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಚಟಚಟ ಸಿಡಿದಾಗ ಅವನು ಒಂದು ಗಳಿಗೆ ಸುಮ್ಮನಾದ. ಅವ್ವ ದೃಷ್ಟಿ ಹೋಯಿತೆಂದು ಕೈ ಮುಗಿಯುವಷ್ಟರಲ್ಲಿ ಮತ್ತೆ ಶುರು. ಅಪ್ಪ ಹೊಸ ಕೆಲಸದ ಮೊದಲ ದಿನವೇ ಅಂಗಡಿಗೆ ಹೋಗದೆ ಕೂಸನ್ನು ದವಾಖಾನೆಗೆ ಒಯ್ದ. ಡಾಕ್ಟರು ಹೊಟ್ಟೆ, ಕಿವಿ, ಗಂಟಲು ಎಲ್ಲ ನೋಡಿದರಂತೆ.

"ರೋಗ ಏನೂ ಕಾಣವಲ್ದು. ಆದ್ರ ಹಿಂಗ ಹಾಲ ಕುಡೀದ ಅತ್ರ ಕೂಸು ಸೋತು ಹೋಗತೈತಿ. ಸಂಜಿತನಕ ನೋಡ್ರಿ, ಇಲ್ಲಂದ್ರ ಹುಬ್ಬಳ್ಳಿಗೆ ಒಯ್ಯಬೇಕಾಗತೈತಿ" ಎಂದರಂತೆ.

ಹುಬ್ಬಳ್ಳಿಗೆ ಒಯ್ಯುವುದೆಂದರೆ ಕೈಮೀರಿದ ಮೇಲೆ ಎಂದು ನನಗೂ ಗೊತ್ತಿತ್ತು. ತಮ್ಮ ಹುಟ್ಟಿದಾಗ, ನನ್ನ ಜಾಗ ಕಸಿದುಕೊಂಡ ಎಂದು ಅವನ ಮೇಲೆ ನನಗೆ ಸಿಟ್ಟಿತ್ತು. ಆ ದಿನ ಅದೆಲ್ಲ ಎಲ್ಲಿ ಹೋಯಿತೋ. ಅವನೊಬ್ಬ ಹಾಲು ಕುಡಿದರೆ ಸಾಕಿತ್ತು.

ಸಪ್ಪಳವೇ ಇಲ್ಲದಿದ್ದರೆ ಮಲಗಿಯಾನು ಎಂದು ಅವ್ವ ತೀರ್ಮಾನಿಸಿದಳು. ನನ್ನನ್ನು ಬಾಗಿಲಿಗೆ ನಿಲ್ಲಿಸಿದಳು. ಕಾಯಿಪಲ್ಲೆಯವಳು ಕೂಗುತ್ತ ಬಂದರೆ ಓಡಿಹೋಗಿ ಬಾಯಿ ಮೇಲೆ ಬೆರಳಿಟ್ಟು ತೋರಿಸಬೇಕು, ನಾಯಿ ಬೊಗಳಿದರೆ ಅಟ್ಟಬೇಕು. ಅಕ್ಕ ಪಕ್ಕದ ಮನೆಯ ಹಿರಿಯ ಹೆಂಗಸಿಗೆ, ನಮ್ಮ ಬಾಯಲ್ಲಿ ಕಾಕುವಿಗೆ, ಹೇಳಿ ಬಂದಳು. ಅವರ ಮನೆಗೆ ಮರುದಿನ ಬೀಗರು ಬರುವವರಿದ್ದರು, ನವಣೆ ಕುಟ್ಟಬೇಕಿತ್ತು. ಪಾಪ, ನಮ್ಮ ಕೂಸಿಗಾಗಿ ಕಾಕು ಒನಕೆ ಮುಟ್ಟದೆ ಕೂತರು. ಇಡೀ ಓಣಿ ಉಸಿರು ಬಿಗಿಹಿಡಿದಿತ್ತು. ನಾವು ಎಷ್ಟು ಸುಮ್ಮನಾದೆವೋ ತಮ್ಮ ಅಷ್ಟು ಜೋರಾಗಿ ಅತ್ತ.

ಹೊತ್ತು ಇಳಿಯುತ್ತ ಬಂತು. ತಮ್ಮನ ಗಂಟಲು ಬಿದ್ದು, ಅಳು ಬರೀ ಗೊರಗೊರ ಎನ್ನುವಂತಾಗಿತ್ತು. ಅಪ್ಪ ಹುಬ್ಬಳ್ಳಿಗೆ ಹೋಗಲು ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಕಾಕುವಿಗೂ ಇನ್ನು ಕಾಯಲಾಗಲಿಲ್ಲ. ಅವರೂ ಅವರ ಸೊಸೆಯೂ ಒರಳಿನ ಎರಡು ಬದಿಗೆ ನಿಂತು ನವಣೆ ಕುಟ್ಟಲು ಶುರು ಮಾಡಿದರು. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯುತ್ತಿತ್ತು. ಧಡ್, ಧಡ್. ಧಡ್, ಧಡ್. ಅವ್ವ ಸಿಟ್ಟಿನಿಂದ ಅಂಗಳಕ್ಕೆ ಓಡಿದಳು.

"ವೈನೀ, ಗಂಟಲ ಬೀಳೂ ಹಂಗ ಅಳಾಕತ್ತೈತಿ ಕೂಸು, ನಿಮಗ ಒನಕಿನ ಹೆಚ್ಚಾತೇನ್ರಿ?"

"ಎಲ್ಲಿ ಅಳಾಕತ್ತೈತಬೇ?" ಎಂದರು ಕಾಕು.

ಹೌದು, ಅಳು ನಿಂತಿತ್ತು. ಅಕ್ಕನ ತೊಡೆಯ ಮೇಲೆ ತಮ್ಮ ಕಣ್ಣರಳಿಸಿ, ಕುತ್ತಿಗೆ ಗೋಡೆಯ ಕಡೆಗೆ ತಿರುಗಿಸಿ ಕೇಳುತ್ತಿದ್ದ. ಮಾತಾಡಲೆಂದು ಕಾಕು ಒನಕೆ ನಿಲ್ಲಿಸಿದ್ದೇ ತಡ, ಅವನ ತುಟಿ ಮತ್ತೆ ನಡುಗಿತು.

ಅಪ್ಪ ಚೀಲ ಕೆಳಗಿಟ್ಟ. ಹೊಸ್ತಿಲ ಮೇಲೆ ಕೂತು, ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಬಿಟ್ಟ. ಪಾತ್ರೆ ತುಂಬಿ ತಂದಿದ್ದ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದು ಕಟ್ಟಿಗೆ ತುಂಡಿನಿಂದ ಅದರ ಮುಚ್ಚಳವನ್ನು ಬಡಿದ. ಖಟ್, ಧಡ್. ಖಟ್, ಧಡ್. ಕಣ್ಣು ಮುಚ್ಚಿತ್ತು. ಕಾಲುಗಳು ತಮ್ಮಷ್ಟಕ್ಕೆ ತಾವೇ ತುಳಿಯುತ್ತಿದ್ದವು, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ನೂಲಿಲ್ಲ, ಲಾಳಿಯಿಲ್ಲ, ಅಪ್ಪ ನೇಯುತ್ತಿದ್ದ.

ತಮ್ಮನ ಬಿಗಿದ ಮುಷ್ಟಿ ಸಡಿಲವಾಯಿತು. ಅವ್ವ ಅವನನ್ನು ಎತ್ತಿಕೊಂಡು ಗೋಡೆಗೆ ಒರಗಿ ಕೂತಳು. ಅವನು ಮೊಲೆ ಹುಡುಕಿ, ಚಪ್ಪರಿಸಿ ಚಪ್ಪರಿಸಿ ಕುಡಿದ. ಆ ಚಪ್ಪರಿಕೆ ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಕುಡಿಯುತ್ತಲೇ ಅವನು ಮಲಗಿದ.

"ನಾವು ಮಗ್ಗ ಕೊಟ್ಟು ಬಂದ್ವಿ. ಇಂವಗ ಯಾರೂ ಹೇಳಲಿಲ್ಲ ನೋಡು" ಎಂದು ಅಪ್ಪ ಮೆಲ್ಲಗೆ ಅಂದ. ಕೈ ಮಾತ್ರ ನಿಲ್ಲಿಸಲಿಲ್ಲ. ದಿನವೂ ಆ ಸದ್ದನ್ನು ಬೈಯುತ್ತಿದ್ದ ಅವ್ವ, "ಇನ್ನೊಂಚೂರು ಬಾರಸ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಷ್ಟು ಹೇಳಿ ನಾನು ನಿಂತೆ. ಮೊಮ್ಮಗಳು ಬರೆಯುವುದನ್ನು ಮರೆತು ಕೂತಿದ್ದಳು. ಈ ಮಕ್ಕಳ ಕಾಲ ಬೇರೆ. ಅವರ ಫೋನೇ ಹೋದ ವರ್ಷ ಇದೇ ದಿನ ಎಲ್ಲಿದ್ದಿರಿ ಎಂದು ಫೋಟೋ ತೆಗೆದು ತೋರಿಸುತ್ತದೆ. ನೆನಪನ್ನು ಕರೆಯುವ ಕೆಲಸವನ್ನೂ ಅದಕ್ಕೇ ವಹಿಸಿದ್ದಾರೆ. ನನ್ನ ಮಗನದು ವರ್ಗವಾಗುವ ನೌಕರಿ, ಬರುವ ತಿಂಗಳು ನಾವೆಲ್ಲ ಈ ರೋಣದ ಮನೆ ಬಿಟ್ಟು ವಿಜಯಪುರಕ್ಕೆ ಹೋಗಬೇಕು. ಲಾರಿಯಲ್ಲಿ ಫ್ರಿಜ್ಜು, ಟಿವಿ ಎಲ್ಲವೂ ಬರುತ್ತವೆ. ಮಕ್ಕಳಿಗೆ ಇದೆಲ್ಲ ರೂಢಿಯಾಗಿದೆ ಎಂದು ನಾವು ದೊಡ್ಡವರು ಅಂದುಕೊಂಡಿದ್ದೆವು.

"ಅಜ್ಜಾ, ಹೊಸ ಮನ್ಯಾಗ ನನಗ ನಿದ್ದಿ ಬರತೈತೇನ?" ಎಂದು ಕೇಳಿದ ಸಣ್ಣವ. ಅವನ ಕಾಲು ಒಂದೇ ಸಮನೆ ಅಲುಗಾಡುತ್ತಿತ್ತು.

"ಈ ಮನೀದು ಯಾವ ಸಪ್ಪಳ ಇದ್ರ ನಿನಗ ನಿದ್ದಿ ಬರತೈತಿ ಹೇಳು" ಎಂದೆ. ಫ್ಯಾನಿನದೋ, ಟಿವಿಯದೋ ಹೇಳಿಯಾನು ಎಂದುಕೊಂಡಿದ್ದೆ.

ಅವನು ತುಸು ಯೋಚಿಸಿ, "ಮುಂಜಾನಿ ನೀ ಕೆಮ್ಮತೀಯಲ್ಲ, ಅದು. ಅದು ಕೇಳಿದ್ರ ಅಜ್ಜ ಎದ್ದಾನ ಅಂತ ಗೊತ್ತಾಗತೈತಿ. ಮತ್ತ ಮಕ್ಕೋತೀನಿ" ಎಂದ.

ಮಕ್ಕಳ ನಿದ್ದೆ ಕೆಡಬಾರದೆಂದು ನಾನು ಇಷ್ಟು ದಿನ ಬಾಯಿಗೆ ಟವೆಲ್ ಒತ್ತಿ ಹಿಡಿದು ಕೆಮ್ಮುತ್ತಿದ್ದೆ. ಇವತ್ತು ಮುಂಜಾನೆ ಟವೆಲ್ಲನ್ನು ಗೂಟದಲ್ಲೇ ಬಿಟ್ಟು, ಮನಸಾರೆ ಕೆಮ್ಮಿದೆ.