ಶುಂಠಿ ಡಬ್ಬಿಯಡಿಯ ತಃಖ್ತೆ

ಮುಂದಿನ ಕೋಣೆಯಲ್ಲಿ ಒಬ್ಬಳು ಬಸುರಿ ಹುಡುಗಿ ಕುಳಿತಿದ್ದಾಳೆ. ನಾನು ಒಳಗೆ ಕಾಫಿ ಕಾಸುತ್ತಿದ್ದೇನೆ. ಅವಳಿಗೆ ಹಾಲು ಹೆಚ್ಚಿನದು, ನನ್ನ ಮಂಡಿ ನೋವಿಗೆ ಒಣಶುಂಠಿಯದು. ಅವಳ ಹೆಸರು ಚೈತ್ರ, ಊರು ಬೈರಕೂರು, ಕೆಲಸ ಮುಳಬಾಗಿಲು ಕಡೆಯ ಒಂದು ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. "ಹೆರಿಗೆ ರಜಕ್ಕೆ ಒಂದು ಅರ್ಜಿ ಬರ್ಕೊಡ್ಬೇಕಿತ್ತು ಮೇಡಂ" ಎಂದು ಬಾಗಿಲಲ್ಲೇ ಹೇಳಿದಳು. ಯಾರು ಕಳಿಸಿದರು ಎಂದು ಕೇಳುವ ಮೊದಲೇ ಕಾಫಿಯ ನೆಪ ಮಾಡಿಕೊಂಡು ಒಳಗೆ ಬಂದುಬಿಟ್ಟೆ. ನಿಮ್ಮ ಮುಂದೆ ಮುಚ್ಚುಮರೆ ಏಕೆ, ತಪ್ಪಿಸಿಕೊಂಡು ಬಂದೆ.

ತಪ್ಪಿಸಿಕೊಂಡು ಬಂದವಳಿಗೆ ಅಡುಗೆಮನೆಯಲ್ಲೂ ಬಿಡುಗಡೆಯಿಲ್ಲ. ಶುಂಠಿ ಡಬ್ಬಿ ಎತ್ತಿದರೆ ಅದರ ಅಡಿಗೆ ಹಾಸಿದ್ದ ಹಾಳೆಯೂ ಅಂಟಿಕೊಂಡು ಮೇಲೆದ್ದಿತು. ಬಿಡಿಸಿ ನೋಡಿದೆ. ಕೆಂಪು ಶಾಯಿಯಲ್ಲಿ ಸ್ಕೇಲಿಟ್ಟು ಎಳೆದ ಗೆರೆಗಳು, ನನ್ನದೇ ಅಕ್ಷರ, ಮೇಲೆ ಶೀರ್ಷಿಕೆ: 'ತುಲನಾತ್ಮಕ ತಃಖ್ತೆ'. ಬೇರೆಯವರು ಪಟ್ಟಿ ಎನ್ನುವುದಕ್ಕೆ ನಮ್ಮ ಕಚೇರಿಯಲ್ಲಿ ತಃಖ್ತೆ ಎನ್ನುತ್ತಿದ್ದೆವು. ಘಾಟಿಗೋ ಏನೋ, ಕಣ್ಣು ಉರಿಯಿತು.

ನಾನು ಮೂವತ್ತನಾಲ್ಕು ವರ್ಷ ವಿಶ್ವವಿದ್ಯಾಲಯದ ಸಿಬ್ಬಂದಿ ಶಾಖೆಯಲ್ಲಿ ಸವೆದವಳು. ಕೊನೆಯ ವರ್ಷಗಳು ಕೋಲಾರದ ಕೇಂದ್ರದಲ್ಲಿ. ರಜೆಯ ನಿಯಮಗಳು ನನಗೆ ಬಾಯಿಪಾಠ. ಮನೆಯವರು ಸಾರಿಗೆ ಉಪ್ಪು ಕಡಿಮೆ ಎಂದರೆ "ಲಿಖಿತವಾಗಿ ಕೊಡಿ" ಎನ್ನುತ್ತಿದ್ದೆನಂತೆ. ಇದು ಅವರ ಆರೋಪ, ಪುರಾವೆಯಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಎರಡು ಬುದ್ಧಿಮಾತು ತಪ್ಪದೆ ಹೇಳುತ್ತಿದ್ದೆ. ಏನು ಬೇಕಿದ್ದರೂ ಬರೆದು ಕೊಡಿ. ಖಾಲಿ ಹಾಳೆಗೆ ಮಾತ್ರ ಎಂದೂ ಸಹಿ ಹಾಕಬೇಡಿ.

ಈ ತಃಖ್ತೆ ಬರೆದ ವರ್ಷ ನಮ್ಮ ಕೇಂದ್ರದ ಒಂದೇ ವಿಭಾಗದಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ, ಇಬ್ಬರು ಬಸುರಿಯರಿದ್ದರು. ಸುಮಿತ್ರ ಮಾಲೂರಿನವರು, ಕಾಯಂ ಪ್ರಾಧ್ಯಾಪಕಿ. ಭಾಗ್ಯ ರಾಯಲ್ಪಾಡಿನವಳು, ಅತಿಥಿ ಉಪನ್ಯಾಸಕಿ, ಎರಡು ಬಸ್ಸು ಬದಲಿಸಿ ಬರುತ್ತಿದ್ದವಳು. ಇಬ್ಬರಿಗೂ ದಿನ ತುಂಬುವುದು ಒಂದೇ ತಿಂಗಳು. ಭಾಗ್ಯ ತೋಟದ ಮಾವಿನಕಾಯಿ ತಂದರೆ ಸುಮಿತ್ರ ಮನೆಯಿಂದ ಉಪ್ಪು ಖಾರ ಪೊಟ್ಟಣ ಕಟ್ಟಿಕೊಂಡು ಬರುತ್ತಿದ್ದರು. ವಾಂತಿ, ಕಾಲು ಊತ, ಅತ್ತೆ, ಡಾಕ್ಟರು ಎಲ್ಲವನ್ನೂ ಹೋಲಿಸಿ ನಗುತ್ತಿದ್ದರು. ಏಳನೇ ತಿಂಗಳಲ್ಲಿ ಸ್ಟಾಫ್ ರೂಮಿನಲ್ಲೇ ಇಬ್ಬರಿಗೂ ಹಸಿರು ಬಳೆ ತೊಡಿಸಿದೆವು. ಬಳೆ ಇಬ್ಬರಿಗೂ ಡಜನ್ ಡಜನ್, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ರಜೆ ಹಾಗಿರಲಿಲ್ಲ. ಸುಮಿತ್ರ ಒಂದು ಪುಟದ ಅರ್ಜಿ ಕೊಟ್ಟರು, ನಾನು 'ಮಂಜೂರು ಮಾಡಬಹುದು' ಎಂದು ಬರೆದೆ, ಆರು ತಿಂಗಳು ಸಂಬಳ ಸಮೇತ ರಜೆ ಸಿಕ್ಕಿತು. ಭಾಗ್ಯಳ ನೇಮಕದ ಆದೇಶದಲ್ಲಿ ರಜೆ ಎಂಬ ಶಬ್ದವೇ ಇರಲಿಲ್ಲ. ಪಾಠ ಮಾಡಿದ ಗಂಟೆಗಷ್ಟೇ ಗೌರವಧನ. ಎರಡು ಹೆರಿಗೆಗೂ ಸಂಬಳದ ರಜೆ ಉಂಡು, ಸಾಲದೆಂದು ಗೊಣಗಿದ್ದ ನನಗೆ ಅದನ್ನು ಓದಿ ಸಂಕಟವಾಯಿತು. ಅವಳನ್ನು ಕರೆದು, ಯಾಕೆ ಅರ್ಜಿ ಕೊಟ್ಟಿಲ್ಲ ಎಂದೆ.

"ಬೇಡ ಮೇಡಂ. ನಮ್ ಕಡೆ ಮುಯ್ಯಾಳು ಇರ್ತಾರಲ್ಲ, ಹಂಗೆ ಮಾಡ್ಕೊಂಡಿದೀವಿ. ಎರಡು ತಿಂಗಳು ನನ್ ಕ್ಲಾಸೆಲ್ಲ ಮಿಕ್ಕ ಗೆಸ್ಟುಗಳು ತಗೋತಾರೆ. ಬಂದ್ಮೇಲೆ ಅವರದ್ದು ನಾನು ತೀರಿಸ್ತೀನಿ. ದುಡ್ಡು ಬರದಿದ್ರೆ ಬೇಡ, ಜಾಗ ಉಳಿದ್ರೆ ಸಾಕು."

ಮುಯ್ಯಾಳು ನಿಮಗೂ ಗೊತ್ತಿರಬಹುದು. ಇಂದು ನೀನು ನನ್ನ ಹೊಲದ ಕಳೆ ಕೀಳು, ನಾಳೆ ನಾನು ನಿನ್ನದು ಕೀಳುತ್ತೇನೆ. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ನಮ್ಮ ಕೇಂದ್ರದ ಅತಿಥಿಗಳಲ್ಲಿ ಹೀಗೆ ಎಷ್ಟೋ ಹೆರಿಗೆಗಳು ಸದ್ದಿಲ್ಲದೆ ಆಗಿಹೋಗಿದ್ದವು ಎಂದು ಆಮೇಲೆ ತಿಳಿಯಿತು. ಆಗ ನನಗೆ ಸಿಟ್ಟು ಬಂದಿತ್ತು.

"ಇದೇನು ರಾಗಿ ಹೊಲವೇನೇ? ವಿಶ್ವವಿದ್ಯಾಲಯ ಕಣೇ. ಬರೆದು ಕೊಡು."

"ಬರೆದ್ರೆ ಮೇಲ್ನೋರಿಗೆ ಗೊತ್ತಾಗೋಗುತ್ತೆ ಮೇಡಂ."

"ಗೊತ್ತಾಗ್ಲಿ ಅಂತಾನೇ ಬರೆಯೋದು" ಎಂದೆ. ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ಎರಡು ಸಲ ಹೇಳಿದೆ.

ಆಮೇಲೆ ನನ್ನ ತಃಖ್ತೆಯ ಕೆಲಸ ಶುರುವಾಯಿತು. ನಾಲ್ಕು ವಿಶ್ವವಿದ್ಯಾಲಯಗಳ ಗುಮಾಸ್ತರಿಗೆ ಫೋನು ಮಾಡಿದೆ. ಗುಮಾಸ್ತರನ್ನು ನೇರವಾಗಿ ವಿಷಯ ಕೇಳಬಾರದು; ಮೊದಲು ಮಳೆ, ಆಮೇಲೆ ಮಾವಿನ ಫಸಲು, ಆಮೇಲೆ ತುಟ್ಟಿಭತ್ಯೆ, ಕೊನೆಗೆ ಹೊರಡುವಾಗ ನೆನಪಾದಂತೆ ರಜೆ. ಒಂದು ಕಡೆ ಗುತ್ತಿಗೆಯವರಿಗೂ ಮೂರು ತಿಂಗಳು ಸಂಬಳ ಕೊಡುತ್ತಿದ್ದರು. ಇನ್ನೊಂದು ಕಡೆ ಸಂಬಳವಿಲ್ಲ, ಜಾಗ ಉಳಿಸುತ್ತಿದ್ದರು. ಮೂರನೆಯ ಕಡೆ ಕಡತ ಪರಿಶೀಲನೆಯಲ್ಲಿತ್ತು, ಬಹುಶಃ ಈಗಲೂ ಇದೆ. ನಾಲ್ಕನೆಯವರು ನಕ್ಕುಬಿಟ್ಟರು: "ಅತಿಥಿಗಳಿಗೆ ರಜ ಏನ್ ಮೇಡಂ, ಬರ್ತಾರೆ ಹೋಗ್ತಾರೆ." ಅದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಗೆರೆ ಹೊಡೆದು ತುಂಬಿಸಿದೆ. ಹೆರಿಗೆ ನೋವು ಕಾಯಂ ನೌಕರರಿಗೂ ಅತಿಥಿಗಳಿಗೂ ಒಂದೇ ಎಂದು ಟಿಪ್ಪಣಿಯಲ್ಲಿ ಒಂದು ವಾಕ್ಯವನ್ನೂ ಸೇರಿಸಿದೆ. ಅಷ್ಟು ಚಂದದ ಟಿಪ್ಪಣಿ ನನ್ನ ಸೇವೆಯಲ್ಲೇ ಬರೆದಿರಲಿಲ್ಲ.

ಭಾಗ್ಯ ಅರ್ಜಿಗೆ ಸಹಿ ಹಾಕಿದಳು. ಗಡಿಯ ಊರಿನವಳು, ಮೊದಲು ಕಲಿತದ್ದು ತೆಲುಗು. ಅವಳ ಕನ್ನಡದ ಅಕ್ಷರಗಳ ಮೇಲೆ ತೆಲುಗಿನ ತಲೆಕಟ್ಟು ಹಕ್ಕಿಯ ಜುಟ್ಟಿನಂತೆ ಎದ್ದು ನಿಲ್ಲುತ್ತಿತ್ತು. "ಅಕ್ಷರ ನಮ್ದು, ತಲೆಕಟ್ಟು ಆಂಧ್ರದ್ದು" ಎಂದು ರೇಗಿಸಿದೆ. ನಕ್ಕಳು. ಕೈ ಮಾತ್ರ ಹಾಳೆಯ ಮೇಲಿಂದ ಬೇಗ ಏಳಲಿಲ್ಲ.

ಉತ್ತರ ಮೂರು ಸಾಲಿನದು ಬಂತು. ನಿಯಮಗಳಲ್ಲಿ ಅವಕಾಶವಿಲ್ಲ. ಸದರಿಯವರು ಗೈರುಹಾಜರಾಗಲಿರುವುದು ಗಮನಕ್ಕೆ ಬಂದಿದೆ. ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಅವರನ್ನು ಬಿಡುಗಡೆ ಮಾಡಿ ಪಟ್ಟಿಯ ಮುಂದಿನ ಅಭ್ಯರ್ಥಿಯನ್ನು ತೆಗೆದುಕೊಳ್ಳುವುದು. ಗೊತ್ತಾಗಲಿ ಎಂದೇ ಬರೆದಿದ್ದೆನಲ್ಲ, ಗೊತ್ತಾಗಿತ್ತು. ಬಿಡುಗಡೆಯ ಪತ್ರವನ್ನು ಟೈಪು ಮಾಡಬೇಕಾದವಳೂ ನಾನೇ. ಭಾಗ್ಯ ಎಂಟು ತಿಂಗಳ ಹೊಟ್ಟೆ ಹೊತ್ತು ಬಂದು, ನಾವು ತೊಡಿಸಿದ ಬಳೆಗಳ ಕೈಯಲ್ಲೇ 'ಸ್ವೀಕರಿಸಿದೆ' ಎಂದು ಬರೆದಳು. "ಹೋಗ್ಲಿ ಬಿಡಿ ಮೇಡಂ" ಎಂದಳು, ಅಷ್ಟೇ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಗು ಹುಟ್ಟಿ ಒಂದೂವರೆ ತಿಂಗಳಿಗೆ, ಒಂದು ಅಂಗಿ ಮತ್ತು ಕೊಬ್ಬರಿ ಬೆಲ್ಲ ತೆಗೆದುಕೊಂಡು ರಾಯಲ್ಪಾಡಿಗೆ ಹೋದೆ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡೋಣವೇ ಎಂದೂ ಅನ್ನಿಸಿತ್ತು. ಭಾಗ್ಯಳ ತಾಯಿ ಬಾಗಿಲಲ್ಲಿ ಟೊಮೆಟೊ ಆರಿಸುತ್ತ ಕುಳಿತಿದ್ದರು. "ರಾಮ್ಮಾ, ಕೂರ್ಚೋ" ಎಂದು ತೆಲುಗಿನಲ್ಲೇ ಕರೆದು, ಕೂರಲು ಚಾಪೆ ಎಳೆದರು. ಭಾಗ್ಯ ನನ್ನ ತೊಡೆಯ ಮೇಲೆ ಮಗಳನ್ನು ಮಲಗಿಸಿದಳು. ನಾನು ತಪ್ಪಾಯಿತು ಎನ್ನಲು ಹೊರಟೆ. ತಾಯಿ ನಡುವೆ ಬಾಯಿ ಹಾಕಿದರು.

"ಇವಳನ್ನ ಹೆತ್ತಾಗ ನಾನು ಕೂಲಿ ಹೋಗ್ತಿದ್ದ ಟೊಮೆಟೊ ತೋಟದಾಗೆ ಇಪ್ಪತ್ತು ದಿನ ನನ್ ಸಾಲು ಪಕ್ಕದ ಸಾಲ್ನೋರು ಬಿಡಿಸಿದ್ರಮ್ಮ. ತೋಟದ ಯಜಮಾನಂಗೆ ಗೊತ್ತೇ ಆಗ್ಲಿಲ್ಲ. ನಿಮ್ ದೊಡ್ಡ ಕಾಲೇಜ್ನಾಗೆ ಅಷ್ಟೂ ನಡೀಲಿಲ್ವಾ?"

"ಮೇಡಂ ಮಾಡಿದ್ದು ತಪ್ಪಲ್ಲಮ್ಮ" ಎಂದಳು ಭಾಗ್ಯ. "ಯಜಮಾನಂಗೆ ಗೊತ್ತಾಗ್ದಂಗೆ ಎಷ್ಟು ದಿನ ಹೆರೋದು ಹೇಳು. ನಾನ್ ಒಬ್ಳೇ ಬರೆದಿದ್ದು ತಪ್ಪು."

ಹೊರಡುವಾಗ ಆ ತಾಯಿ ಬಾಣಂತಿಗೆಂದು ಕುಟ್ಟಿದ್ದ ಶುಂಠಿ ಪುಡಿಯಲ್ಲಿ ಒಂದು ಡಬ್ಬಿ ನನಗೂ ಕೊಟ್ಟರು, ಮಂಡಿಗೆ ಒಳ್ಳೆಯದೆಂದು. ಮನೆಗೆ ಬಂದು, ಕಚೇರಿಯಲ್ಲಿ ಇಟ್ಟುಕೊಳ್ಳಲು ನಾಚಿಕೆಯಾಗಿ ತಂದಿದ್ದ ತಃಖ್ತೆಯ ಪ್ರತಿಯನ್ನು ಅದರ ಅಡಿಗೆ ಹಾಸಿದೆ. ಪುಡಿ ಎಷ್ಟೋ ಸಲ ಮುಗಿದು ತುಂಬಿದೆ. ಹಾಳೆ ಬದಲಾಗಿಲ್ಲ. ನಾನೂ ಆಮೇಲೆ ಯಾರಿಗೂ ಅರ್ಜಿ ಬರೆದುಕೊಟ್ಟಿರಲಿಲ್ಲ.

ಕಾಫಿ ತಂದು ಚೈತ್ರಳ ಮುಂದಿಟ್ಟೆ. "ಬರೆಯೋಕೆ ಮುಂಚೆ ಒಂದು ಮಾತು ಕೇಳಮ್ಮ. ಹಿಂದೆ ಒಬ್ಬಳಿಗೆ ಹೀಗೇ ಬರೆಸಿದ್ದೆ. ಅವಳ ಜಾಗಾನೇ ಹೋಯ್ತು."

"ಗೊತ್ತು ಮೇಡಂ. ಅವರೇ ನನ್ನ ಕಳ್ಸಿದ್ದು. ಈಗ ನಮ್ ಕಾಲೇಜಲ್ಲೇ ಇದಾರೆ, ಇನ್ನೂ ಗೆಸ್ಟಾಗೇ. ಮಗಳು ಸ್ಕೂಲಿಗೆ ಹೋಗ್ತಾಳೆ."

ಚೀಲದಿಂದ ಮಡಿಸಿದ ಒಂದು ಹಾಳೆ ತೆಗೆದು ಬಿಡಿಸಿದಳು. ಮೇಲೆ ಪೂರ್ತಿ ಖಾಲಿ. ಕೆಳಗೆ ಸಾಲಾಗಿ ಹನ್ನೊಂದು ಸಹಿ, ಗಂಡಸರದ್ದೂ ಹೆಂಗಸರದ್ದೂ.

"ಒಬ್ಳು ಬರೆದ್ರೆ ಒಬ್ಳನ್ನ ತೆಗೀತಾರೆ, ಇರೋ ಗೆಸ್ಟುಗಳೆಲ್ಲ ಸಹಿ ಹಾಕೋಣ ಅಂದ್ರು. ಮೇಲೆ ಏನು ಬರೀಬೇಕೋ ಮೇಡಂಗೆ ಗೊತ್ತು, ಅವರ ಹತ್ರಾನೇ ಬರೆಸ್ಕೊಂಡು ಬಾ ಅಂದ್ರು."

ಮೊದಲ ಸಹಿಯ ಮೇಲೆ ತೆಲುಗಿನ ತಲೆಕಟ್ಟು ಜುಟ್ಟಿನಂತೆ ಎದ್ದು ನಿಂತಿತ್ತು. ಖಾಲಿ ಹಾಳೆಗೆ ಸಹಿ ಹಾಕಬಾರದೆಂದು ಭಾಗ್ಯಳಿಗೂ ಹೇಳಿಕೊಟ್ಟವಳು ನಾನೇ. ಕನ್ನಡಕ ಒರೆಸಿಕೊಂಡೆ, ಒಂದು ಸಲ ಸಾಲಲಿಲ್ಲ, ಎರಡನೇ ಸಲವೂ ಒರೆಸಿದೆ. ಸ್ಕೇಲಿಗಾಗಲೀ ಕೆಂಪು ಶಾಯಿಗಾಗಲೀ ಎದ್ದು ಹೋಗಲಿಲ್ಲ. 'ಮಾನ್ಯರೇ' ಎಂದು ಬರೆದು, ಕೆಳಗಿನ ಸಾಲನ್ನು 'ನಾವು' ಎಂದು ಶುರು ಮಾಡಿದೆ.