ಬರೆದಿಡದ ಕೀ

ಜಹೀರಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನೂ ಅವನೂ ಕಂಪ್ಯೂಟರ್ ಪಾಠ ಮಾಡುತ್ತಿದ್ದೆವು. ನಾನು ನಾರಾಯಣಖೇಡದವಳು, ಅವನು ತಾಂಡೂರಿನವನು. ಕ್ಲಾಸಿನಲ್ಲಿ ತೆಲುಗು, ಆಫೀಸಿನಲ್ಲಿ ಉರ್ದು, ನಮ್ಮಿಬ್ಬರ ನಡುವೆ ಮಾತ್ರ ಕನ್ನಡ. ನನಗಿಂತ ಆರು ವರ್ಷ ಚಿಕ್ಕವನು. ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದ.

ಪ್ರತ್ಯೇಕ ತೆಲಂಗಾಣಕ್ಕಾಗಿ ಮೇಲಿಂದ ಮೇಲೆ ಬಂದ್ ಆಗುತ್ತಿದ್ದ ಕಾಲ. ವಿದ್ಯಾರ್ಥಿಗಳೆಲ್ಲ ರಸ್ತೆಯಲ್ಲಿ, ಲ್ಯಾಬ್ ಖಾಲಿ. ಅಂಥ ಒಂದು ದಿನ ಅವನು ತನ್ನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಅವನ ತಾಯಿಯ ದನಿ ಪೂರ್ತಿ ಹೋಗಿತ್ತು. ಅದಕ್ಕೂ ಮುಂಚಿನ ಒಂದು ತಿಂಗಳು ಅವರ ಮಾತನ್ನು ಅವನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ತವರು, ಗಂಡ, ತೀರಿಹೋದ ಮೊದಲ ಮಗು, ಎಲ್ಲ ಹೇಳಿದ್ದರಂತೆ. “ಹೊರಗಿನವ್ರು ಯಾರೂ ಕೇಳಬಾರ್ದು ನೋಡಪ್ಪಾ” ಎಂದೂ ಹೇಳಿದ್ದರು. ಅದಕ್ಕೇ ಆ ಫೈಲುಗಳಿಗೆ ಬೀಗ ಹಾಕಲು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನೇ ಒಂದು ಪ್ರೋಗ್ರಾಂ ಬರೆದಿದ್ದ.

ಮೊದಲ ಸಲ ಬರೆದಾಗ ಆ ಬೀಗ ತೆಗೆಯುವ ಕೀಯನ್ನು ಬರೀ ಅಕ್ಷರಗಳ ಸಾಲಾಗಿ ಇಟ್ಟಿದ್ದ. ಎಲ್ಲೋ ತಪ್ಪಾದರೆ ಎರರ್ ಮೆಸೇಜಿನ ಜೊತೆ ಕೀ ಕೂಡ ತೆರೆಯ ಮೇಲೆ ಬಂದುಬಿಡುತ್ತಿತ್ತು.

“ಹಿಂಗಲ್ಲ ತಮ್ಮಾ. ಪ್ರೋಗ್ರಾಂದಾಗ ಕೀಗೆ ತನ್ನದೇ ಒಂದು ಕ್ಲಾಸ್ ಮಾಡು, ಮುಚ್ಚಿದ ಡಬ್ಬಿ ಇದ್ದಂಗ ಇರ್ಲಿ. ಬೀಗ ಹಾಕು ಅಂದ್ರ ಹಾಕ್ಬೇಕು, ತೆಗಿ ಅಂದ್ರ ತೆಗೀಬೇಕು. ನಿನ್ನೊಳಗ ಏನದ ಅಂದ್ರ ಮಾತ್ರ ಹೇಳ್ಬಾರ್ದು” ಎಂದೆ.

ಎರಡೇ ದಿನದಲ್ಲಿ ಚೆಂದದ ಕ್ಲಾಸ್ ಬರೆದು ತಂದ. ಪಾಸ್‌ವರ್ಡ್ ಕೊಟ್ಟಾಗ ಆ ಕೀ ಹುಟ್ಟುತ್ತಿತ್ತು, ಕೆಲಸ ಮುಗಿದೊಡನೆ ತನ್ನನ್ನು ತಾನೇ ಸೊನ್ನೆ ಮಾಡಿಕೊಳ್ಳುತ್ತಿತ್ತು. ಕೊನೆಯಲ್ಲಿ ಮಾತ್ರ, ಕೀಯ ಒಂದು ನಕಲನ್ನು ಪೆನ್‌ಡ್ರೈವಿಗೆ ಬರೆದಿಡುವ ಹತ್ತು ಹನ್ನೆರಡು ಸಾಲಿನ ಮೆಥಡ್ ಒಂದಿತ್ತು.

“ಇದನ್ನ ತೆಗಿ” ಎಂದೆ. “ನಕಲು ಸಿಕ್ಕವ್ರು ಯಾರ್ ಬೇಕಾದ್ರೂ ತೆಗೀತಾರ.”

“ಪಾಸ್‌ವರ್ಡ್ ಮರತ್ರ, ಅಕ್ಕಾರ?”

“ಮರೀಬ್ಯಾಡ.”

ಅವನು ನಕ್ಕು, ನನ್ನೆದುರೇ ಆ ಸಾಲುಗಳನ್ನು ಅಳಿಸಿದ. ಫೈಲುಗಳಿಗೆಲ್ಲ ಬೀಗ ಹಾಕಿ ಮೊಬೈಲಿನಲ್ಲಿದ್ದವನ್ನೂ ತೆಗೆದುಹಾಕಿದ.

ಆ ಮಳೆಗಾಲದ ಮುಷ್ಕರದಲ್ಲಿ ಬಸ್ಸುಗಳು ವಾರಗಟ್ಟಲೆ ನಿಂತವು. ತಾಯಿಯನ್ನು ನೋಡಲು ಬೈಕಿನಲ್ಲೇ ತಾಂಡೂರಿಗೆ ಹೊರಟವನು ಕರಣಕೋಟದ ಹತ್ತಿರ ಜಾರಿ ಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಮಣ್ಣಿಗೆ ಹೋಗಲು ನನಗೆ ಗಾಡಿ ಸಿಗಲಿಲ್ಲ.

ಬಸ್ಸು ಶುರುವಾದ ಮೊದಲ ಭಾನುವಾರ ಹೋದೆ. ಅವನ ತಾಯಿ ಕಲ್ಲುಹಾಸಿನ ಮೇಲೆ ಕೂತಿದ್ದರು. ಸೇಡಂ ಕಡೆಯ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಕನ್ನಡ ಓದಿದವರು. ಮಾತಿನ ಬದಲು ಪಾಟಿಯ ಮೇಲೆ ಬರೆಯುತ್ತಿದ್ದರು. ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿ ಬರೆದರು: ‘ತೆಗಿ.’

ಪಾಸ್‌ವರ್ಡ್ ಏನೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವರು ಪಾಟಿಯ ಮೇಲೆ ಒಂದೊಂದೇ ಮಾತು ಬರೆಯುತ್ತ ಹೋದರು: ಮನೆದೇವರ ಹೆಸರು, ಅವನನ್ನು ಕರೆಯುತ್ತಿದ್ದ ಮುದ್ದಿನ ಹೆಸರು, ಸತ್ತ ಎಮ್ಮೆಯ ಹೆಸರು. ನಾನು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಥರ ಬರೆದು ನೋಡಿದೆ. ತೆರೆಯಲಿಲ್ಲ. ಮೂರು ಭಾನುವಾರ ಹಾಗೇ ಹೋದವು. ಸಾವಿರಾರು ಪದಗಳನ್ನು ತಾನೇ ಕೊಟ್ಟು ನೋಡುವ ಪ್ರೋಗ್ರಾಂ ಒಂದನ್ನೂ ಬರೆದು ಲ್ಯಾಬಿನಲ್ಲಿ ಓಡಿಸಿದೆ. ಕ್ಲಾಸನ್ನು ಅವನು ತುಂಬ ಚೆನ್ನಾಗಿ ಬರೆದಿದ್ದ. ಅವನಿಗೆ ಕಲಿಸಿದವಳು ನಾನೇ.

ನಾಲ್ಕನೇ ಸಲ ಹೋದಾಗ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. “ಅವ ನಕಲು ಇಡ್ತೀನಿ ಅಂದಿದ್ದ, ಅವ್ವಾರ. ನಾನೇ ಬ್ಯಾಡ ಅಂದೆ. ನಿಮ್ಮ ದನಿ ನಾನೇ ಕಳದೆ.”

ಅವರು ಸೆರಗಿನಿಂದ ಪಾಟಿ ಒರೆಸಿ ಬರೆದರು: ‘ನನ್ನ ದನಿ ನನಗ್ಯಾಕ? ಅದ್ರಾಗ ನಡುನಡುವೆ ಅವ ನಗ್ತಾನ. ಅದು ಬೇಕಿತ್ತು.’

ನನಗೆ ಅಳು ತಡೆಯಲಾಗಲಿಲ್ಲ. ಅವರು ಎದ್ದು ಹೋಗಿ ನೀರು ತಂದುಕೊಟ್ಟರು. ಆಮೇಲೆ, ನಾನು ಕೇಳದಿದ್ದರೂ, ಅವನು ಯಾವ ಮಾತಿಗೆ ನಕ್ಕಿದ್ದ ಎಂದು ಬರೆಯಲು ಕೂತರು. ಪಾಟಿ ಚಿಕ್ಕದು, ನಾಲ್ಕು ಸಾಲು ಬರೆದು ತೋರಿಸಿ, ಒರೆಸಿ, ಮತ್ತೆ ಬರೆಯುತ್ತಿದ್ದರು. ಯಾರಿಗೂ ಹೇಳಬಾರದೆಂದು ಮಗನಿಗೆ ಹೇಳಿದ್ದನ್ನು ಹೊರಗಿನವಳಾದ ನನಗೆ ತೋರಿಸುತ್ತಿದ್ದರು. ಅದನ್ನು ನಾನು ಎಲ್ಲಿಯೂ ಬರೆದಿಟ್ಟಿಲ್ಲ.

ಆಮೇಲೆಯೂ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ರಾಜ್ಯ ಘೋಷಣೆಯಾದ ವಾರ ಅವರೇ ನನ್ನನ್ನು ಬಸ್ ಸ್ಟ್ಯಾಂಡಿಗೆ ಕಳಿಸಲು ಬಂದರು. ಎಲ್ಲೆಲ್ಲೂ ಗುಲಾಲು, ಪಟಾಕಿ, ಕೂಗು. ಜಹೀರಾಬಾದಿನ ಬಸ್ಸು ನನ್ನನ್ನು ಬಿಟ್ಟೇ ಹೊರಟಿತು. ನನ್ನ ಕೂಗು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಆ ತಾಯಿ ನುಗ್ಗಿ ಹೋಗಿ, ಅಂಗೈಯಿಂದ ಬಸ್ಸಿನ ತಗಡನ್ನು ದಬದಬ ಬಡಿದು ನಿಲ್ಲಿಸಿದರು. ನಾನು ಹತ್ತಿ ಕಿಟಕಿಯಿಂದ ನೋಡುವಷ್ಟರಲ್ಲಿ, ಕೆಂಪಾದ ಅಂಗೈ ಉಜ್ಜಿಕೊಳ್ಳುತ್ತ ಮನೆಯ ಕಡೆ ಹೊರಟಿದ್ದರು.